ವರ್ಷ ತುಂಬುವ ಮೊದಲು ಪ್ರಾಗಿನ ಕೋಟೆಗೆ

ಚಿಕ್ಕಜಾಲ

ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ, ಚಿಕ್ಕಜಾಲದ ಹತ್ತಿರ, ಒಂದು ಹಾಳು ಕೋಟೆಯಿದೆ. ಯಲಹಂಕದಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲಿನ ಶಾಲೆಯಲ್ಲೇ ಲೆಕ್ಕದ ಟೀಚರಾಗಿ ರಿಟೈರಾದ ನಾನು ಅದರೊಳಗೆ ಒಂದು ದಿನವೂ ಕಾಲಿಟ್ಟಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಆ ಬೆಳಿಗ್ಗೆ ಟ್ಯಾಕ್ಸಿ ಅದನ್ನು ದಾಟುವಾಗ ಪಕ್ಕದಲ್ಲಿದ್ದ ವನಜಾ ಕಿಟಕಿಯ ಕಡೆ ನೋಡುತ್ತ, ‘ಅತ್ತಿಗೆ, ಕೋಟೆ ಇಲ್ಲೇ ಒಂದಿದೆಯಲ್ಲ. ಇದನ್ನೇ ನೋಡ್ಕೊಂಡು ವಾಪಸ್ ಹೋಗ್ಬಿಡೋಣ್ವಾ?’ ಎಂದಳು. ಅವಳು ತಮಾಷೆಗೆ ಹೇಳಿರಲಿಲ್ಲ. ‘ಸುಮ್ನೆ ಕೂತ್ಕೋ’ ಎಂದು ಗದರಿದೆ. ಗದರುವುದು ನನ್ನ ಹುಟ್ಟುಗುಣ. ಲೆಕ್ಕ ಕಲಿಸಿದವರಿಗೆಲ್ಲ ಬರುವ ಕಾಯಿಲೆ ಅದು.

ವನಜಾ ನನ್ನ ತಮ್ಮನ ಹೆಂಡತಿ. ತಮ್ಮ ನಂಜುಂಡ ಬಾಗಲಗುಂಟೆಯಲ್ಲಿ ಗಾಜಿನ ಅಂಗಡಿ ಇಟ್ಟಿದ್ದ. ಕಿಟಕಿಗೆ ಗಾಜು, ಮದುವೆ ಮನೆಗೆ ಕನ್ನಡಿ, ಫೋಟೋಗೆ ಫ್ರೇಮು. ಅಂಗಡಿಯ ಗೋಡೆಗೆ ಯಾವುದೋ ಗಾಜಿನ ಕಂಪನಿಯವರು ಕೊಟ್ಟ ಹಳೆಯ ಕ್ಯಾಲೆಂಡರು ನೇತಾಡುತ್ತಿತ್ತು. ಅದರಲ್ಲಿ ಎತ್ತರದ ಬಣ್ಣದ ಕಿಟಕಿಗಳು, ಕೆಳಗೆ ಕಲ್ಲಿನ ನೆಲದ ಮೇಲೆ ಚೆಲ್ಲಿದ ಕೆಂಪು, ನೀಲಿ, ಹಳದಿ ಬೆಳಕು. ಅಡಿಯಲ್ಲಿ ‘ಪ್ರಾಗ್ ಕೋಟೆ’ ಎಂದು ಇಂಗ್ಲಿಷಿನಲ್ಲಿತ್ತು. ವರ್ಷ ಮುಗಿದು ಎಷ್ಟೋ ಕಾಲವಾದರೂ ಅವನು ಅದನ್ನು ಕಿತ್ತು ಹಾಕಲಿಲ್ಲ. ‘ಅಕ್ಕ, ಒಂದ್ಸಲ ಆ ಬೆಳಕಲ್ಲಿ ನಿಂತ್ಕೋಬೇಕು ಕಣೇ’ ಎನ್ನುತ್ತಿದ್ದ. ಕಡೆಗೆ ಅವನೇ ಟ್ರಾವೆಲ್ಸ್‌ನವರನ್ನು ಹಿಡಿದು ತಾನು, ವನಜಾ, ನಾನು ಮೂವರಿಗೂ ಯುರೋಪಿನ ಟೂರು ಬುಕ್ ಮಾಡಿಸಿದ. ಆಷಾಢದ ಒಂದು ಬೆಳಿಗ್ಗೆ ಅಂಗಡಿಯ ಕುರ್ಚಿಯಲ್ಲಿ ಕಾಫಿ ಲೋಟ ಹಿಡಿದು ಕೂತವನು ಹಾಗೇ ಹೋಗಿಬಿಟ್ಟ. ಮಕ್ಕಳಿಲ್ಲ. ದೊಡ್ಡಪ್ಪನ ಮಗ ಕರ್ಮಕ್ಕೆ ಕೂತ.

ನಮ್ಮಲ್ಲಿ ಗಂಡ ಹೋದವಳು ವರ್ಷ ತುಂಬುವವರೆಗೆ ಗುಡಿಯ ಮೆಟ್ಟಿಲು ಹತ್ತುವ ಹಾಗಿಲ್ಲ. ವನಜಾ ಇದನ್ನು ಎಷ್ಟು ಕಟ್ಟುನಿಟ್ಟಾಗಿ ಹಿಡಿದಳೆಂದರೆ, ಮಂಗಳವಾರ ತಪ್ಪದೆ ಹೋಗುತ್ತಿದ್ದ ಮಾರಮ್ಮನ ಗುಡಿಯ ಬೀದಿಯನ್ನೇ ಬಿಟ್ಟು, ತರಕಾರಿಗೆ ಸುತ್ತು ಹಾಕಿಕೊಂಡು ಹೋಗತೊಡಗಿದಳು. ಪ್ರವಾಸದ ಮಾತು ಬಂದಾಗ ಪುರೋಹಿತರನ್ನು ಕೇಳಿದಳು. ‘ಕೋಟೆ, ಅರಮನೆ ನೋಡೋಕೆ ಏನಮ್ಮಾ ದೋಷ? ದೇವಸ್ಥಾನಕ್ಕೆ ಮಾತ್ರ ಹೋಗ್ಬೇಡಿ’ ಎಂದರು. ‘ಅವ್ರು ನೋಡ್ಬೇಕು ಅಂದಿದ್ದನ್ನ ನಾನಾದ್ರೂ ನೋಡ್ತೀನಿ’ ಎಂದು ಹೊರಟಳು. ಬೀದಿಯವರು ಸುಮ್ಮನಿರುತ್ತಾರೆಯೇ? ‘ವರ್ಷ ತುಂಬಿಲ್ಲ, ಆಗ್ಲೇ ಫಾರಿನ್ ಟೂರಂತೆ’ ಅಂದರು. ಊರ ಬಾಯಿಗೆ ಬೀಗ ಹಾಕಲಾಗುವುದಿಲ್ಲ. ಅವಳ ಬಾಯಿಗೇ ಬೀಗ ಬಿತ್ತು.

ಸೇತುವೆಯಿಂದ

ನವೆಂಬರ್ ಕೊನೆಯ ಪ್ರಾಗು ಒದ್ದೆ ಸ್ಲೇಟಿನ ಬಣ್ಣದ ಊರು. ಆಕಾಶ ಮನೆಗಳ ಹೊಗೆಗೂಡಿನ ಮೇಲೇ ಕೂತಂತಿರುತ್ತದೆ. ಸೂರ್ಯ ಇದ್ದಾನೆ ಎಂಬುದನ್ನು ಜನರ ಮಾತಿನ ಮೇಲೆ ನಂಬಬೇಕು. ಟ್ರಾಮಿನಲ್ಲಿ ಜನ ತುಂಬಿದ್ದರೂ ಸದ್ದಿಲ್ಲ. ನಮ್ಮ ಯಲಹಂಕದ ಬಸ್ಸಿನಲ್ಲಿ ಇಬ್ಬರು ಹತ್ತಿದರೆ ಮೂರು ಮನೆಯ ಸುದ್ದಿ ಕೇಳುತ್ತದೆ. ಇಲ್ಲಿ ಐವತ್ತು ಜನ ಉಸಿರಾಡುವುದೂ ಕೇಳಿಸುವುದಿಲ್ಲ. ಒಂದು ದೊಡ್ಡ ನಾಯಿ ಯಜಮಾನಿಯ ಕಾಲ ಬಳಿ, ಬಾಯಿಗೆ ಬುಟ್ಟಿ ಕಟ್ಟಿಸಿಕೊಂಡು, ಶಿಸ್ತಿನ ವಿದ್ಯಾರ್ಥಿಯ ಹಾಗೆ ಕೂತಿತ್ತು. ಅದೇ ಜನ ಲಿಫ್ಟಿಗೆ ಬಂದರೆ ಮಾತ್ರ ಗುರುತಿಲ್ಲದವರಿಗೂ ನಮಸ್ಕಾರ ಹೇಳುತ್ತಾರೆ, ಇಳಿಯುವಾಗ ಹೋಗಿಬರುತ್ತೇನೆ ಅನ್ನುತ್ತಾರೆ. ಇದರ ತರ್ಕ ನನಗೆ ಕಡೆಯವರೆಗೂ ಹತ್ತಲಿಲ್ಲ.

ಸಾಲು ವಿಗ್ರಹಗಳ ಹಳೆಯ ಸೇತುವೆಯ ಮೇಲೆ ನಿಂತರೆ ಹೊಳೆಯಾಚೆ ಗುಡ್ಡದ ಮೇಲೆ ಕೋಟೆ ಕಾಣುತ್ತದೆ. ಕೋಟೆ ಎಂದರೆ ನಮ್ಮ ಕಣ್ಣಿಗೆ ಬುರುಜು, ಕಂದಕ, ದಪ್ಪ ಗೋಡೆ. ಇದು ಹಾಗಲ್ಲ, ಗುಡ್ಡದ ಉದ್ದಕ್ಕೂ ಬೀದಿಯಂತೆ ಚಾಚಿದ ಅರಮನೆಗಳು. ಅವುಗಳ ಬೆನ್ನ ಹಿಂದಿನಿಂದ ಎರಡು ಮೊನಚು ಗೋಪುರಗಳು ಎದ್ದಿದ್ದವು. ವನಜಾ ಅವನ್ನು ತುಂಬ ಹೊತ್ತು ನೋಡಿದಳು.

‘ಅತ್ತಿಗೆ, ಅದು ಅರಮನೆ ಥರ ಇಲ್ವಲ್ಲ.’

‘ಹತ್ರ ಹೋದ್ರೆ ಗೊತ್ತಾಗುತ್ತೆ, ನಡಿ’ ಎಂದೆ. ನನಗೂ ಅನುಮಾನ ಬಂದಿತ್ತು.

ಹಳೆಯ ಅರಮನೆ

ಕೋಟೆಯ ಬಾಗಿಲಲ್ಲಿ ಚೀಲ ತಪಾಸಣೆ. ಕಾವಲಿನವನು ನನ್ನ ಕೈಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಮೂಸಿದ. ಬೇಡ ಎಂದು ನಾನು ಹೇಳುವುದರೊಳಗೆ ಮೂಸಿಯಾಗಿತ್ತು. ಪಾಪ, ನಾಲ್ಕು ಸೀನು ಸೀನಿ, ಕಣ್ಣೊರೆಸಿಕೊಂಡು, ಡಬ್ಬಿಯನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ಹಿಂದಿರುಗಿಸಿದ. ಆಷಾಢದ ನಂತರ ವನಜಾಳ ತುಟಿ ಕೊಂಚ ಅಲುಗಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಮೊದಲು ಹಳೆಯ ಅರಮನೆಗೆ ಹೋದೆವು. ಅದರ ದೊಡ್ಡ ಸಭಾಂಗಣಕ್ಕೆ ಒಂದು ಕಂಬವೂ ಇಲ್ಲ. ಗೋಡೆಯಿಂದ ಎದ್ದ ಕಲ್ಲಿನ ಪಟ್ಟಿಗಳು ಬಳ್ಳಿಯಂತೆ ಬಾಗಿ, ಮೇಲೆ ಒಂದನ್ನೊಂದು ದಾಟಿ ಹೂವಿನ ಎಸಳುಗಳಾಗಿ ಕೂಡುತ್ತವೆ. ಕಲ್ಲು ಅಷ್ಟು ಹಗುರಾಗುವುದನ್ನು ನಾನು ಕಂಡಿರಲಿಲ್ಲ. ಮಳೆ ಬಂದಾಗ ಒಳಗೇ ಕುದುರೆ ಸವಾರರ ಕಾಳಗ ನಡೆಯುತ್ತಿತ್ತಂತೆ. ಕುದುರೆ ಹತ್ತಿ ಬರಲೆಂದೇ ಅಗಲದ, ತಗ್ಗು ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ಮಂಡಿ ನೋವಿನ ನನಗೂ ಅವು ಹೇಳಿ ಮಾಡಿಸಿದಂತಿದ್ದವು.

ಪಕ್ಕದ ಕೋಣೆಯಲ್ಲೊಂದು ಕಿಟಕಿ. ಹಿಂದೆ ಜಗಳ ಬಿದ್ದು ಅಧಿಕಾರಿಗಳನ್ನು ಹಿಡಿದು ಅದರಿಂದ ಆಚೆ ಎಸೆದರಂತೆ. ಅದರಿಂದ ದೊಡ್ಡ ಯುದ್ಧವೇ ಶುರುವಾಯಿತಂತೆ. ಫಲಕ ಓದಿ ವನಜಾಳಿಗೆ ಹೇಳಿದೆ. ಅವಳು ಬಗ್ಗಿ ಕೆಳಗೆ ನೋಡಿದಳು. ಆಳ ನೋಡಿದರೆ ನನಗೇ ತಲೆ ತಿರುಗಿತು.

‘ಸತ್ತೋದ್ರಾ?’

‘ಇಲ್ಲ, ಎಲ್ಲಾರೂ ಬದುಕಿದ್ರಂತೆ.’

‘ಇಲ್ಲಿಂದ ಎಸೆದ್ರೂ ಬದುಕಿದ್ರಾ?’ ಎಂದವಳು ಕಿಟಕಿಯಿಂದ ಸರಿದು, ‘ನಮ್ಮನೆಯವ್ರು ಕುರ್ಚಿ ಮೇಲೆ ಕೂತಿದ್ರು ಅಷ್ಟೇ’ ಎಂದಳು. ಅವಳ ಕೈ ಹಿಡಿದು ಹೊರಗೆ ಕರೆತಂದೆ.

ಗುಡಿಯ ಹೊರಗೆ

ಅರಮನೆಯ ಎದುರಿಗೇ, ಅಂಗಳದ ನಟ್ಟನಡುವೆ, ಇಡೀ ಆಕಾಶಕ್ಕೆ ಅಡ್ಡವಾಗಿ ನಿಂತಿತ್ತು ಆ ಕಟ್ಟಡ. ಸೇತುವೆಯಿಂದ ಕಂಡ ಮೊನಚು ಗೋಪುರಗಳು ಅದರವೇ. ಹೊಗೆ ಹಿಡಿದ ಕಪ್ಪು ಕಲ್ಲು. ಗೋಡೆ ಬೀಳದಂತೆ ಹೊರಗಿನಿಂದ ಆನಿಸಿ ನಿಲ್ಲಿಸಿದ ಕಲ್ಲಿನ ಕಮಾನುಗಳು. ಮೇಲಿನಿಂದ ಬಾಯಿ ತೆರೆದು ನಮ್ಮತ್ತ ಬಾಗಿದ ಮೃಗಗಳು. ಮಳೆನೀರು ಅವುಗಳ ಬಾಯಿಂದ ಸುರಿಯಬೇಕಂತೆ. ಇದನ್ನು ಕಟ್ಟಿ ಮುಗಿಸಲು ಶತಮಾನಗಳೇ ಹಿಡಿದವಂತೆ. ಹೆಬ್ಬಾಳದ ಫ್ಲೈಓವರ್ ಕೆಲಸದ ಬಗ್ಗೆ ಇನ್ನು ಮುಂದೆ ನಾನು ಬಾಯಿ ಬಿಡುವುದಿಲ್ಲ.

ಬಾಗಿಲ ಪಕ್ಕದ ಫಲಕದಲ್ಲಿ ಚಿತ್ರವಿತ್ತು. ನಂಜುಂಡನ ಕ್ಯಾಲೆಂಡರಿನದೇ ಕಿಟಕಿಗಳು, ಅದೇ ಕಲ್ಲು ನೆಲ. ಇಷ್ಟು ವರ್ಷ ನಾವು ಮೂವರೂ ಆ ಗಾಜು ಅರಮನೆಯದೆಂದು ನಂಬಿದ್ದೆವು. ಕೋಟೆ ಎಂದಿತ್ತು, ಕಿಟಕಿ ದೊಡ್ಡದಿತ್ತು, ಸರಿ, ರಾಜರ ಮನೆ. ಅದು ಕೋಟೆಯೊಳಗಿನ ದೇವರ ಮನೆಯದು ಎಂದು ಅಂಗಡಿಯ ಗೋಡೆ ಹೇಳಿರಲಿಲ್ಲ. ಪುರೋಹಿತರನ್ನು ಕೇಳಿದ್ದೂ ಅರಮನೆಯ ಬಗ್ಗೆಯೇ.

‘ಇದು ಇವರ ಗುಡಿ ಅಲ್ವಾ ಅತ್ತಿಗೆ?’

‘ಚರ್ಚು.’

‘ಅದೇ.’ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ‘ನಾನು ಬರೋಕಾಗಲ್ಲ.’

ನನಗೆ ಸಿಟ್ಟು ನೆತ್ತಿಗೇರಿತು. ಏಳು ಸಮುದ್ರ ದಾಟಿ ಬಂದು ಬಾಗಿಲಲ್ಲಿ ನಿಂತು ಈ ಮಾತೇ? ‘ಇಲ್ಲಿ ನಮ್ಮ ದೇವರು ಎಲ್ಲಿದ್ದಾನೆ? ನೋಡು, ಎಲ್ಲಾ ಟೂರಿಸ್ಟುಗಳು, ಕ್ಯಾಮೆರಾ ಹಿಡ್ಕೊಂಡು ಹೋಗ್ತಿದ್ದಾರೆ. ಮ್ಯೂಸಿಯಂ ಅಂದ್ಕೊಂಡು ಬಾ’ ಎಂದೆ.

‘ದೇವ್ರು ಯಾರ್ದಾದ್ರೇನು ಅತ್ತಿಗೆ, ಗುಡಿ ಗುಡಿನೇ.’

‘ನಂಜುಂಡ ಇದ್ದಿದ್ರೆ ನಿನ್ನ ಕತ್ತು ಹಿಡಿದು ಒಳಗೆ ಕರ್ಕೊಂಡ್ ಹೋಗ್ತಿದ್ದ.’

‘ಅವ್ರು ಇದ್ದಿದ್ರೆ ನನಗೆ ವರ್ಷದ ಸೂತಕ ಯಾಕಿರ್ತಿತ್ತು?’ ಎಂದಳು. ಆಮೇಲೆ ತಲೆ ತಗ್ಗಿಸಿ, ‘ನೀವು ಹೋಗಿ ನೋಡ್ಕೊಂಡ್ ಬನ್ನಿ. ಕೊಟ್ಟ ಹೆಣ್ಣಿಗೆ ಮೂರೇ ದಿನ. ನಿಮ್ಮದು ಮುಗಿದೋಯ್ತಲ್ಲ’ ಎಂದಳು.

ಅವಳು ಚುಚ್ಚಲು ಹೇಳಿದ್ದಲ್ಲ. ನಿಯಮ ಹಾಗೇ ಇದೆ. ಮದುವೆಯಾಗಿ ಬೇರೆ ಮನೆ ಸೇರಿದ ಅಕ್ಕನಿಗೆ ತಮ್ಮನ ಸಾವಿನ ಸೂತಕ ಮೂರು ದಿನ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ನನ್ನ ಮನೆಯ ಒಲೆ ಹಚ್ಚಿದ್ದೆ. ಆಮೇಲೆ ಬಂದವರೆಲ್ಲ ನನ್ನನ್ನು ಕೇಳುತ್ತಿದ್ದುದು ‘ವನಜಾ ಹೇಗಿದಾಳೆ’ ಎಂದೇ. ಆದರೂ ಆ ಮಾತು ಮುಳ್ಳಿನಂತೆ ನಾಟಿತು. ಕೋಪದಲ್ಲೇ ಒಬ್ಬಳೇ ಒಳಗೆ ಹೋದೆ.

ಒಳಗಿನ ಎತ್ತರವನ್ನು ಹೇಗೆ ಹೇಳಲಿ? ಕತ್ತು ಎತ್ತಿದವರು ಇಳಿಸುವುದು ಮರೆಯುತ್ತಾರೆ. ಎರಡೂ ಕಡೆ ಸಾಲು ಕಿಟಕಿಗಳು, ಅವುಗಳ ತುಂಬ ಗಾಜಿನ ಚೂರುಗಳಲ್ಲಿ ಕತೆ ಹೇಳುವ ಮುಖಗಳು. ಆದರೆ ಹೊರಗೆ ಬಿಸಿಲಿಲ್ಲದೆ ನೆಲದ ಮೇಲೆ ಒಂದು ಚೂರು ಬಣ್ಣವೂ ಬಿದ್ದಿರಲಿಲ್ಲ. ಎಲ್ಲರ ಬೂಟಿನ ಕೆಳಗೆ ಬರೀ ಬೂದು ಕಲ್ಲು. ಇನ್ನೊಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಅಲ್ಲಿ ಸಮಾಧಿಗಳಿದ್ದವು. ರಾಜರು, ರಾಣಿಯರು, ಗುರುಗಳು, ದೇವರ ಪೀಠದ ಆಚೆ ಈಚೆಯೇ ಮಲಗಿದ್ದರು. ಒಬ್ಬ ಸಂತನಿಗೆ ಆಳೆತ್ತರದ ಬೆಳ್ಳಿಯ ಗೋರಿ. ಜನ ಅವುಗಳ ಪಕ್ಕದಲ್ಲೇ ಮೊಣಕಾಲೂರಿದ್ದರು.

ಹೊರಗೆ ಬಂದಾಗ ವನಜಾ ಗೋಡೆಯ ಬುಡದ ಕಲ್ಲಿನ ಮೇಲೆ ಮುದುರಿ ಕೂತಿದ್ದಳು. ಮುಖ ಮೇಲೆತ್ತಿ ಕಿಟಕಿಗಳನ್ನೇ ನೋಡುತ್ತಿದ್ದಳು. ಬಣ್ಣದ ಗಾಜನ್ನು ಹಗಲು ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಮಸಿ ಹಿಡಿದ ಹಂಚಿನ ಹಾಗಿರುತ್ತದೆ.

‘ಇಷ್ಟೇನಾ ಅತ್ತಿಗೆ?’ ಎಂದಳು. ‘ಬರೀ ಕಪ್ಪು?’

ಹೋಟೆಲಿನ ಕೋಣೆ

ಸಂಜೆ ಕೋಣೆಯಲ್ಲಿ ಕೆಟಲಿನ ಬಿಸಿನೀರಿಗೆ ಅವಲಕ್ಕಿ ನೆನೆಸಿ, ಚಟ್ನಿಪುಡಿ ಕಲಸಿ ಇಬ್ಬರೂ ತಿನ್ನತೊಡಗಿದೆವು. ಅವಳು ಮಾತಾಡಲಿ ಎಂದು ನಾನು ಒಳಗೆ ಕಂಡದ್ದನ್ನೆಲ್ಲ ಹೇಳಿದೆ. ಗೋರಿಗಳ ವಿಷಯ ಬಂದಾಗ ಅವಳ ಕೈ ನಿಂತಿತು.

‘ದೇವ್ರ ಪಕ್ಕದಲ್ಲೇ ಹೂಳ್ತಾರಾ?’

‘ಪಕ್ಕದಲ್ಲೇ. ಜನ ಅಲ್ಲೇ ಓಡಾಡ್ತಾರೆ, ಅಲ್ಲೇ ಕೈ ಮುಗೀತಾರೆ.’

‘ಮೈಲಿಗೆ ಅನ್ನಲ್ವಾ?’

‘ಯಾರೂ ಅಂದಿದ್ದು ನಾನು ಕೇಳಲಿಲ್ಲ.’

ನಮ್ಮಲ್ಲಿ ಬೀದಿಯಲ್ಲಿ ಹೆಣವಿದ್ದರೆ ಗುಡಿಯ ಬಾಗಿಲು ಹಾಕುತ್ತಾರೆ. ನಂಜುಂಡನನ್ನು ಹೆಬ್ಬಾಳದ ಚಿತಾಗಾರಕ್ಕೆ ಒಯ್ಯುವಾಗಲೂ ಮಾರಮ್ಮನ ಗುಡಿಯ ಕದ ಎಳೆದಿದ್ದರು. ವನಜಾ ಅದನ್ನು ಮನೆಯ ಜಗಲಿಯಿಂದ ನೋಡಿದ್ದಳಂತೆ. ‘ಅಷ್ಟು ವರ್ಷ ಆ ಗುಡಿಗೆ ಕಟ್ ಗ್ಲಾಸು, ಫ್ರೇಮು ಎಲ್ಲಾ ಇವರೇ ಮಾಡ್ಕೊಟ್ಟಿದ್ರು ಅತ್ತಿಗೆ. ಅವತ್ತು ಇವರನ್ನ ಕಂಡು ಬಾಗ್ಲು ಹಾಕ್ಬಿಟ್ರು’ ಎಂದಳು. ಐದು ತಿಂಗಳಲ್ಲಿ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ನಾನು ಎದ್ದು ತಟ್ಟೆ ತೊಳೆಯಲು ಹೋದೆ. ಅಳು ಬಂದಾಗ ಪಾತ್ರೆ ತೊಳೆಯುವುದು ನಮ್ಮಮ್ಮನಿಂದ ಬಂದ ಅಭ್ಯಾಸ.

ಹಿಂದಿರುಗಿದಾಗ ಅವಳು ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿದ್ದಳು. ‘ಸತ್ತೋರನ್ನೇ ಒಳಗೆ ಇಟ್ಕೊಂಡಿರೋ ದೇವ್ರು, ಸೂತಕದವಳು ಬಂದ್ಲು ಅಂತ ಬೇಜಾರು ಮಾಡ್ಕೊಳ್ಳಲ್ಲ ಅನ್ಸುತ್ತೆ’ ಎಂದಳು. ‘ಪೂಜೆ ಗೀಜೆ ಮಾಡಲ್ಲ. ಗಾಜು ನೋಡ್ಕೊಂಡು ಬಂದ್ಬಿಡ್ತೀನಿ. ನಾಳೆ ಟ್ರೈನಿಗೆ ಮುಂಚೆ ಹೋಗೋಕಾಗುತ್ತಾ?’

ಆಗುತ್ತೆ ಎಂದೆ. ವಿಯೆನ್ನಾದ ರೈಲು ಮಧ್ಯಾಹ್ನಕ್ಕಿತ್ತು.

ಭಾನುವಾರ

ನಾಳೆ ಭಾನುವಾರ ಎಂಬುದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ಪ್ರವಾಸದಲ್ಲಿ ವಾರ ಮರೆತುಹೋಗುತ್ತದೆ. ಬಾಗಿಲಿಗೆ ಹಗ್ಗ ಕಟ್ಟಿತ್ತು. ಪಕ್ಕದಲ್ಲಿ ಬೂದು ಕೋಟಿನ ಒಬ್ಬ ವಯಸ್ಸಾದ ಹೆಂಗಸು. ಒಳಗಿನಿಂದ ವಾದ್ಯದ ಗಂಭೀರ ಸ್ವರ ಕೇಳಿಬರುತ್ತಿತ್ತು. ನಮ್ಮ ಮುಂದಿದ್ದ ಪ್ರವಾಸಿಗರನ್ನು ಆಕೆ ಒಬ್ಬೊಬ್ಬರನ್ನಾಗಿ ವಾಪಸು ಕಳಿಸುತ್ತಿದ್ದಳು. ಬೆಳಿಗ್ಗೆ ಪ್ರಾರ್ಥನೆಗೆ ಬಂದವರಿಗೆ ಮಾತ್ರ. ನೋಡಲು ಬಂದವರಿಗೆ ಮಧ್ಯಾಹ್ನದ ಮೇಲೆ. ಆಗ ನಮ್ಮ ರೈಲು ಹೊರಟಿರುತ್ತದೆ.

ನಾನು ತಲೆ ಚಚ್ಚಿಕೊಂಡೆ. ನೋಡಲು ಬಂದೆ ಎಂದರೆ ಬಿಡುವುದಿಲ್ಲ. ಪ್ರಾರ್ಥನೆಗೆ ಬಂದೆ ಎಂದರೆ ಬಿಡುತ್ತಾರೆ, ಆದರೆ ವನಜಾ ವರ್ಷ ತುಂಬುವವರೆಗೆ ಮಾಡಬಾರದಾಗಿದ್ದುದು ಅದೊಂದೇ. ‘ಪ್ರೇಯರ್ ಅಂದ್ಬಿಡು, ಸುಳ್ಳು ಹೇಳಿದ್ರೆ ಏನಾಗುತ್ತೆ?’ ಎಂದು ಪಿಸುಗುಟ್ಟಿದೆ.

‘ಗುಡಿ ಬಾಗಿಲಲ್ಲಿ ನಿಂತು ಸುಳ್ಳು ಹೇಳಲಾ?’

ನಮ್ಮ ಸರದಿ ಬಂತು. ‘ಪ್ರಾರ್ಥನೆಗೋ, ನೋಡಲಿಕ್ಕೋ?’ ಆಕೆ ಇಂಗ್ಲಿಷಿನಲ್ಲಿ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ವನಜಾ ಮುಂದೆ ಬಂದಳು. ಅಂಗಡಿಯಲ್ಲಿ ಗಿರಾಕಿಗಳೊಡನೆ ಕಲಿತ ಇಂಗ್ಲಿಷು ಅವಳದು. ‘ನೋ ಪ್ರೇಯರ್, ಮೇಡಂ. ಮೈ ಹಸ್ಬೆಂಡ್ ಡೆಡ್. ಒನ್ ಇಯರ್ ನೋ ಪ್ರೇಯರ್. ಓನ್ಲಿ ಗ್ಲಾಸ್ ನೋಡ್ತೀನಿ.’ ಕಡೆಯ ಪದ ಕನ್ನಡದಲ್ಲೇ ಬಂತು. ಎರಡು ಬೆರಳಿಂದ ತನ್ನ ಕಣ್ಣು ತೋರಿಸಿದಳು.

ಪ್ರಾರ್ಥನೆಗೆ ಕೂರುವ ಯೋಗ್ಯತೆ ತನಗಿಲ್ಲ ಎಂಬುದಕ್ಕೆ ಅವಳು ಕೊಟ್ಟ ಕಾರಣ ಅದು. ಗಂಡ ಸತ್ತಿದ್ದಾನೆ, ಹಾಗಾಗಿ ಪ್ರಾರ್ಥನೆ ಮಾಡುವಂತಿಲ್ಲ. ಬೂದು ಕೋಟಿನವಳು ಕೇಳುತ್ತ ಕೇಳುತ್ತ ಮುಖ ಬದಲಿಸಿದಳು. ಅವಳ ಊರಿನಲ್ಲಿ ಒಳಗೆ ಬರಲು ಇದಕ್ಕಿಂತ ದೊಡ್ಡ ಕಾರಣ ಇರಲಿಕ್ಕಿಲ್ಲ. ತಕ್ಷಣ ಹಗ್ಗದ ಕೊಂಡಿ ಬಿಚ್ಚಿ, ವನಜಾಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ವನಜಾ ಗಾಬರಿಯಿಂದ ನನ್ನತ್ತ ತಿರುಗಿ, ‘ಅತ್ತಿಗೆ, ನಾನು ಪ್ರೇಯರ್ ಬೇಡ ಅಂತ ಹೇಳಿದ್ರೆ ಇವ್ರು ಬಾ ಅಂತಿದ್ದಾರೆ!’ ಎಂದಳು. ಆಮೇಲೆ ಬಗ್ಗಿ, ಅಂಥ ಚಳಿಯಲ್ಲಿ, ಬೂಟು ಬಿಚ್ಚತೊಡಗಿದಳು. ಆಕೆ ಬೇಡ ಬೇಡವೆಂದು ಕೈಯಾಡಿಸಿ ಹಾಗೇ ಒಳಗೆ ನಡೆಸಿಕೊಂಡು ಹೋದಳು. ನನ್ನ ತಮ್ಮನ ಹೆಂಡತಿಯ ಬೂದಿ ಬಣ್ಣದ ಸ್ವೆಟರು ಕಂಬಗಳ ನಡುವೆ ಕತ್ತಲೆಯಲ್ಲಿ ಮರೆಯಾಯಿತು.

ಆಕೆ ಹಿಂದಿರುಗಿ ಬಂದು ಹಗ್ಗ ಮತ್ತೆ ಹಾಕಿದಳು. ನನ್ನ ಕಡೆ ನೋಡಿ, ‘ನೀವು?’ ಎಂದಳು.

ನನ್ನ ಬಾಯಿಂದ ತಾನಾಗಿ ಬಂದದ್ದು ‘ಟೂರಿಸ್ಟ್’. ಲೆಕ್ಕದ ಟೀಚರಿಗೆ ಸರಿಯುತ್ತರದ ಚಟ. ಆಕೆ ತಲೆಯಾಡಿಸಿ, ಹನ್ನೆರಡರ ಮೇಲೆ ಬನ್ನಿ ಎಂದು ನಯವಾಗಿ ಹೇಳಿ ಮುಂದಿನವರನ್ನು ಕೇಳತೊಡಗಿದಳು.

ಗೋಡೆಯ ಬುಡದಲ್ಲಿ ಹೋಗಿ ಕೂತೆ. ಕಲ್ಲು ಮಂಜಿನಂತಿತ್ತು. ಮೇಲೆ ಕಿಟಕಿಗಳು ಕಪ್ಪಗಿದ್ದವು. ಯಾರೋ ಫೋಟೋ ತೆಗೆಸಿಕೊಳ್ಳುತ್ತ, ಸ್ವಲ್ಪ ಸರಿಯಿರಿ ಎಂದು ಕೈ ಸನ್ನೆ ಮಾಡಿದರು. ಸರಿದೆ. ‘ನೀವು?’ ಎಂದು ಐದು ತಿಂಗಳಲ್ಲಿ ನನ್ನನ್ನು ಕೇಳಿದ ಮೊದಲನೆಯವಳು ಆ ಹೆಂಗಸು. ಮೂರು ದಿನಕ್ಕೆ ಮುಗಿದದ್ದು ಏನು, ಮುಗಿಯದೆ ಉಳಿದದ್ದು ಏನು ಎಂದು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ನಂಜುಂಡನಿಗೆ ಮಗ್ಗಿ ಕಲಿಸಿದ್ದು ನಾನು. ಏಳರ ಮಗ್ಗಿಯಲ್ಲಿ ಅವನು ಯಾವಾಗಲೂ ತಪ್ಪುತ್ತಿದ್ದ, ತಪ್ಪಿದಾಗ ನನ್ನ ಮುಖ ನೋಡಿ ನಗುತ್ತಿದ್ದ. ತೊಳೆಯಲು ಅಲ್ಲಿ ತಟ್ಟೆಯೂ ಇರಲಿಲ್ಲ. ಸೆರಗು ಬಾಯಿಗೆ ಒತ್ತಿ, ಗುರುತಿಲ್ಲದ ಊರಿನ ಅಂಗಳದಲ್ಲಿ, ಮಗುವಿನ ಹಾಗೆ ಅತ್ತುಬಿಟ್ಟೆ.

ವನಜಾ ಬಹಳ ಹೊತ್ತಿನ ಮೇಲೆ ಬಂದಳು. ಕಣ್ಣು ಊದಿಕೊಂಡಿದ್ದವು.

‘ಬಣ್ಣ ಬಿತ್ತಾ?’ ಎಂದೆ.

‘ಇಲ್ಲ ಅತ್ತಿಗೆ. ಬಿಸಿಲೇ ಬರ್ಲಿಲ್ಲ.’

‘ಮತ್ತೆ ಇಷ್ಟ್ ಹೊತ್ತು ಏನ್ ಮಾಡ್ತಿದ್ದೆ?’

‘ಅಳ್ತಾ ಕೂತಿದ್ದೆ. ಅಲ್ಲಿ ಯಾರೂ ಮನಸ್ಸು ಗಟ್ಟಿ ಮಾಡ್ಕೋ ಅನ್ನಲ್ಲ.’ ಅವಳು ನನ್ನ ಮುಖ ನೋಡಿದಳು. ‘ನೀವಿಲ್ಲಿ ಏನ್ ಮಾಡ್ತಿದ್ರಿ, ಈ ಚಳೀಲಿ?’

‘ಅದನ್ನೇ’ ಎಂದೆ. ಎದ್ದು ನಿಲ್ಲಲು ಹೋದೆ, ಆಗಲಿಲ್ಲ. ಒಮ್ಮೆ ಶುರುವಾದದ್ದು ನಿಲ್ಲುತ್ತಿರಲಿಲ್ಲ.

ಅವಳು ನನ್ನ ಪಕ್ಕದಲ್ಲಿ ಆ ತಣ್ಣನೆಯ ಕಲ್ಲಿನ ಮೇಲೆ ಕೂತಳು. ನನ್ನ ಶಾಲು ಎಳೆದು ತಲೆ ಮುಚ್ಚಿದಳು.

‘ಅಳಿ ಅತ್ತಿಗೆ’ ಎಂದಳು. ‘ಟ್ರೈನಿಗೆ ಇನ್ನೂ ಟೈಮಿದೆ.’